ನಂಬಿಕೆ, ವಿಜ್ಞಾನ ಮತ್ತು ನಮ್ಮ ದಿನನಿತ್ಯದ ಮಾತು

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಪ್ರವಚನಕಾರನಲ್ಲ. ನೀರಾವರಿ ಕೆಲಸದಲ್ಲಿ ಕೆರೆ, ಕಾಲುವೆ, ಒಡ್ಡು ಎಂದು ಮೂವತ್ತೈದು ವರ್ಷಕ್ಕೂ ಮೀರಿ ದುಡಿದು ನಿವೃತ್ತನಾದ ಸರಕಾರಿ ಎಂಜಿನಿಯರ್. ಪೂಜ್ಯರು ಫೋನ್ ಮಾಡಿ, "ನೀವು ಎಂಜಿನಿಯರ್, ದಿನಾ ಲಿಂಗಪೂಜೆ ಮಾಡಿಕೊಳ್ಳುವವರು. ಎರಡನ್ನೂ ಹೇಗೆ ಹೊಂದಿಸಿಕೊಂಡಿರಿ, ಅದನ್ನೇ ಹೇಳಿ" ಎಂದರು. ಹೊಂದಿಸಿಕೊಂಡ ಕಥೆಗಿಂತ ಮೊದಲು, ಹೊಂದಿಸಿಕೊಳ್ಳಲಾಗದೆ ನಾನು ಮಾಡಿದ ತಪ್ಪನ್ನು ಹೇಳುವುದು ಪ್ರಾಮಾಣಿಕತೆ.

1980ರ ಫೆಬ್ರವರಿ 16. ಹಿರಿಯರಿಗೆ ನೆನಪಿರಬಹುದು, ಅಂದು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅಂಕೋಲೆ, ಹುಬ್ಬಳ್ಳಿ, ರಾಯಚೂರು ಭಾಗದ ಮೇಲೆ ಹಾದುಹೋಯಿತು. ಗದಗ ಸೀಮೆಯ ನಮ್ಮೂರು ಆ ದಾರಿಯಲ್ಲೇ ಇತ್ತು. ನನಗಾಗ ಇಪ್ಪತ್ನಾಲ್ಕು ವರ್ಷ, ಹೊಸದಾಗಿ ನೌಕರಿ ಸೇರಿದ್ದೆ. ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾನು ಮಾತ್ರ ಅಂಗಳದಲ್ಲಿ ನಿಂತು, ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿಕೊಂಡು ನೋಡುತ್ತಿದ್ದೆ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹಗಲೇ ಕತ್ತಲಾಯಿತು. ಗುಬ್ಬಿಗಳು ಗೂಡಿಗೆ ಹೊರಟವು. ಎರಡು ನಿಮಿಷಕ್ಕೂ ಮಿಕ್ಕಿ ಆ ಕತ್ತಲು ಇತ್ತು. ಪಂಚಾಂಗದವರಷ್ಟೇ ಅಲ್ಲ, ಖಗೋಳ ವಿಜ್ಞಾನಿಗಳು ಅದನ್ನು ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ಹೇಳಿಟ್ಟಿದ್ದರು. ನನಗೆ ಆದ ಆನಂದ ಅಷ್ಟಿಷ್ಟಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ, ಎಲ್ಲರೂ ಉಪವಾಸ ಕುಳಿತ ಕಡೆ ಅವ್ವನ ಎದುರಿಗೇ ರೊಟ್ಟಿ ಮುರಿದು ತಿಂದೆ. "ರಾಹು ಬಂದು ಏನು ಮಾಡ್ತಾನ ನೋಡೋಣ" ಎಂದು ದೊಡ್ಡಪ್ಪನ ಮಗ ಅಣ್ಣನ ಮುಂದೆ ನಕ್ಕೆ. ಅವ್ವ ಕಣ್ಣೊರೆಸಿಕೊಂಡಳು. ಅಣ್ಣ ಏನೂ ಅನ್ನಲಿಲ್ಲ. ಅಂದು ನಾನು ವಾದದಲ್ಲಿ ಗೆದ್ದೆ ಎಂದುಕೊಂಡಿದ್ದೆ. ಮುಂದೆ ಹತ್ತು ವರ್ಷ ಊರಿಗೆ ಹೋದಾಗಲೆಲ್ಲ ಇದೇ ಆಟ. ಅಂತ್ರ ಕಟ್ಟಿದವರನ್ನು ನಕ್ಕೆ, ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಜಾಗ ತೋರಿಸುವವರನ್ನು ನಕ್ಕೆ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಹೇಳುತ್ತಿದ್ದ ರೀತಿಯಲ್ಲಿ ಪ್ರೀತಿ ಇರಲಿಲ್ಲ.

1991ರ ಮಳೆಗಾಲ. ಅಣ್ಣನ ಒಂಬತ್ತು ವರ್ಷದ ಮಗ ರಾತ್ರಿ ಪಡಸಾಲೆಯಲ್ಲಿ ನೆಲದ ಮೇಲೆ ಮಲಗಿದ್ದ. ಏನೋ ಕಚ್ಚಿತೆಂದು ಎದ್ದ. ಕಟ್ಟುಹಾವು ಸರಿದುಹೋದದ್ದನ್ನು ಕಂಡರು. ಕಾಲಿನ ಮೇಲೆ ಬಾವಿಲ್ಲ, ರಕ್ತವಿಲ್ಲ, ಹೆಚ್ಚು ನೋವೂ ಇಲ್ಲ. ಗಾಡಿ ಕಟ್ಟಿ, ಮೂರು ಹರದಾರಿ ಆಚೆಯ ಊರಿನಲ್ಲಿ ಮಂತ್ರ ಹಾಕುವವರ ಹತ್ತಿರ ಒಯ್ದರು. ಬೆಳಗಿನ ಜಾವಕ್ಕೆ ಹೊಟ್ಟೆನೋವು, ಕಣ್ಣ ರೆಪ್ಪೆ ಎತ್ತಲಾಗಲಿಲ್ಲ, ಆಮೇಲೆ ಉಸಿರು. ಆಸ್ಪತ್ರೆಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಂಧುಗಳೇ, ಆಗ ನಾನು ತಾಲ್ಲೂಕು ಸ್ಥಳದಲ್ಲಿದ್ದೆ. ಸರಕಾರಿ ಜೀಪು ಮನೆಯ ಮುಂದೆ ನಿಂತಿರುತ್ತಿತ್ತು. ಆಸ್ಪತ್ರೆ ಕೂಗಳತೆಯಲ್ಲಿತ್ತು. ಅವರ ಗಾಡಿ ಆ ರಾತ್ರಿ ನನ್ನ ಮನೆಯ ಮುಂದಿನ ರಸ್ತೆಯಲ್ಲೇ ಹಾದುಹೋಗಿತ್ತು.

ಮಣ್ಣು ಕೊಟ್ಟು ಬಂದ ಮೇಲೆ ಅಣ್ಣನನ್ನು ಕೇಳಿದೆ, "ಅಣ್ಣಾ, ನನ್ನ ಮನಿ ಬಾಗಲಾ ಯಾಕ ಬಡೀಲಿಲ್ಲ?" ಅವನು ಸಿಟ್ಟಿನಿಂದ ಹೇಳಲಿಲ್ಲ. "ಏನಂತ ಬಡೀಲಿ ತಮ್ಮಾ? ಮಂತ್ರದವರ ಕಡೆ ಹೊಂಟೀನಿ ಅಂದ್ರ ನೀ ಮೊದಲ ನಗತಿದ್ದಿ. ಆ ಹೊತ್ತಿನ್ಯಾಗ ನಗಿಸಿಕೊಳ್ಳೂ ತಾಕತ್ತು ನನಗಿರಲಿಲ್ಲ" ಎಂದ.

ಇಷ್ಟು ವರ್ಷವಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಆ ಮಗುವಿನ ಸಾವಿಗೆ ಮೂಢನಂಬಿಕೆ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಅದು ಅರ್ಧ ಸತ್ಯ. ವಿಜ್ಞಾನ ಬಲ್ಲವನೊಬ್ಬ ಆ ಮನೆಯಲ್ಲೇ ಇದ್ದ, ಅವನ ಬಾಗಿಲು ಬಡಿಯಲು ಯಾರಿಗೂ ಧೈರ್ಯವಾಗಲಿಲ್ಲ ಎಂಬುದು ಉಳಿದ ಅರ್ಧ.

ಮಂತ್ರದಿಂದ ಬದುಕಿದವರಿದ್ದಾರಲ್ಲ ಎಂದು ಕೇಳುವವರಿದ್ದಾರೆ. ಅದು ಸರಿಯಾದ ಪ್ರಶ್ನೆ, ನಗಬಾರದು. ನಮ್ಮ ಹೊಲಗಳಲ್ಲಿ ಕಾಣುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವು ಕಚ್ಚಿದರೂ ಪ್ರತಿಸಲ ವಿಷ ಇಳಿಸುವುದಿಲ್ಲ. ಹೀಗಾಗಿ ಮಂತ್ರ ಹಾಕಿಸಿಕೊಂಡ ಅನೇಕರು ಬದುಕುತ್ತಾರೆ, ಹಾಕಿಸದಿದ್ದರೂ ಅವರು ಬದುಕುತ್ತಿದ್ದರು. ಬದುಕಿದವರು ಜಾತ್ರೆಯಲ್ಲಿ ಬಂದು ಕಾಯಿ ಒಡೆಯುತ್ತಾರೆ, ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಜಮಾ ಮಾತ್ರ ಇದೆ, ಖರ್ಚಿನ ಪುಟ ಹರಿದುಹೋಗಿದೆ. ವಿಜ್ಞಾನವೆಂದರೆ ಏನೂ ಅಲ್ಲ, ಎರಡೂ ಪುಟ ತೆರೆದು ನೋಡುವುದು.

ತಾಯಂದಿರು ಇದನ್ನು ಮನೆಗೆ ಒಯ್ಯಿರಿ. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಬಹಳ ಇರುವುದಿಲ್ಲ. ಆದ್ದರಿಂದಲೇ ಅದು ಮೋಸ. ಮಂಚವಿದ್ದರೆ ಮಂಚದ ಮೇಲೆ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿರಿ. ಯಾವ ಹಾವು ಕಚ್ಚಿದರೂ ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ, ಸೀದಾ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಫೋನ್ ಮಾಡಿರಿ. ವಿಷಕ್ಕೆ ಮದ್ದು ಒಂದೇ, ಆ್ಯಂಟಿ ವೆನಮ್ ಚುಚ್ಚುಮದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಅದೇ ಮದ್ದು. ನಾಗರಪಂಚಮಿ ಈಗಷ್ಟೇ ಮುಗಿದಿದೆ. ಕಲ್ಲಿನ ಹಾವಿಗೂ ಜೀವಂತ ಹಾವಿಗೂ ನಾವು ಮಾಡುವ ಭೇದವನ್ನು ಬಸವಣ್ಣನವರು ಎತ್ತಿ ತೋರಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಹುತ್ತಕ್ಕೆ ಎರೆಯುವ ಹಾಲು ಮಕ್ಕಳ ಬಟ್ಟಲಿಗೆ ಬರಲಿ ಎಂದು ಹಲವು ಕಡೆ ಈಗ ಬಸವಪಂಚಮಿ ಆಚರಿಸುತ್ತಿರುವುದು ಸಂತೋಷ.

ಈಗ ನಂಬಿಕೆಯ ಮಾತಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗಳು ಒಮ್ಮೆ ಕೇಳಿದಳು: "ಅಪ್ಪಾ, ಎಲ್ಲದಕ್ಕೂ ಪುರಾವೆ ಕೇಳ್ತೀರಿ. ಅಂಗೈಯ ಮೇಲಿನ ಲಿಂಗಕ್ಕ ಪುರಾವೆ ಏನೈತಿ?" ನಾನು ಯೋಚಿಸಿ ಉತ್ತರ ಕೊಟ್ಟೆ. "ನನ್ನ ಲಿಂಗ ಮಳೆ ತರಸ್ತದ, ರೋಗ ವಾಸಿ ಮಾಡ್ತದ ಅಂತ ನಾ ಅಂದಿದ್ದರ ನೀ ಪುರಾವೆ ಕೇಳಬೇಕು, ನಾ ಕೊಡಬೇಕು. ನಾ ಹಂಗ ಅನ್ನೂದಿಲ್ಲವ್ವಾ. ಬೆಳಗ್ಗೆ ಇಪ್ಪತ್ತು ನಿಮಿಷ ಅದನ್ನ ನೋಡಿಕೋತ ಕೂಡತೀನಿ. ನಿನ್ನೆ ಯಾರಿಗೆ ಏನಂದೆ, ಯಾರ ಮನಸು ನೋಯಿಸಿದೆ ಅನ್ನೂದು ಆವಾಗ ಕಾಣತದ. ಅದಕ್ಕ ಪುರಾವೆ ಬೇಕಂದ್ರ ನನ್ನ ನಡತಿ ನೋಡು. ನಡತಿಯೊಳಗ ಇಲ್ಲಂದ್ರ, ಪೂಜಿಯೊಳಗೂ ಇಲ್ಲ."

ಶರಣರು ನಮಗೆ ಕೊಟ್ಟ ಧರ್ಮ ವಿಜ್ಞಾನಕ್ಕೆ ಹೆದರಬೇಕಾದ್ದಲ್ಲ. ನಡುವೆ ಪೂಜಾರಿ ಬೇಡವೆಂದರು. ಒಳ್ಳೆಯ ದಿನ ಕೆಟ್ಟ ದಿನ, ಸೂತಕ ಪಾತಕಗಳನ್ನು ತಳ್ಳಿಹಾಕಿದರು. ಆದರೆ ನಾವು ಏನು ಮಾಡುತ್ತಿದ್ದೇವೆ? ಪಡಸಾಲೆಯಲ್ಲಿ ಬಸವಣ್ಣನವರ ಭಾವಚಿತ್ರ, ಅದರ ಕೆಳಗೆ ಕುಳಿತು ರಾಹುಕಾಲ ನೋಡುತ್ತೇವೆ. ವಾಸ್ತು ಹೇಳಿದರೆಂದು ಗಟ್ಟಿಮುಟ್ಟಾದ ಗೋಡೆ ಒಡೆಸಿ ಬಾಗಿಲು ತಿರುಗಿಸಿದ ಮನೆಗಳನ್ನು ನಾನೇ ನೋಡಿದ್ದೇನೆ. ಭಾರ ಹೊತ್ತ ಗೋಡೆ ಒಡೆದರೆ ಕಟ್ಟಡಕ್ಕೆ ಅಪಾಯ, ಈಶಾನ್ಯ ದಿಕ್ಕಿನಿಂದ ಯಾರಿಗೂ ಅಪಾಯವಿಲ್ಲ.

ಇನ್ನೊಂದು ಹೊಸ ರೋಗವನ್ನೂ ಪೂಜ್ಯರ ಅಪ್ಪಣೆ ಪಡೆದು ಹೇಳುತ್ತೇನೆ. ಇಷ್ಟಲಿಂಗದಿಂದ ಶಕ್ತಿಯ ತರಂಗ ಹೊರಡುತ್ತದೆ, ಅದನ್ನು ನೋಡಿದರೆ ಪೀನಿಯಲ್ ಗ್ರಂಥಿ ಜಾಗೃತವಾಗುತ್ತದೆ, ವಿಭೂತಿ ಶೀತ ಹೀರುತ್ತದೆ ಎಂದು ನಮ್ಮ ವೇದಿಕೆಗಳಲ್ಲೇ ಹೇಳುತ್ತಿದ್ದಾರೆ. ಚಪ್ಪಾಳೆಯೂ ಬೀಳುತ್ತದೆ. ಎಂಜಿನಿಯರ್ ಆಗಿ ಕೇಳುತ್ತೇನೆ: ಯಾರು ಅಳೆದರು? ಯಾವ ಯಂತ್ರದಿಂದ? ಬೇರೆಯವರು ಅಳೆದಾಗಲೂ ಅಷ್ಟೇ ಬಂತೇ? ಭಕ್ತನಾಗಿಯೂ ಕೇಳುತ್ತೇನೆ: ನಾಳೆ ಆ ತರಂಗ ಇಲ್ಲವೆಂದು ಸಿದ್ಧವಾದರೆ ಲಿಂಗ ಬಿಚ್ಚಿಡುತ್ತೀರಾ? ವಿಜ್ಞಾನದ ಊರುಗೋಲು ಕೊಟ್ಟು ನಂಬಿಕೆಯನ್ನು ನಿಲ್ಲಿಸಹೋದರೆ, ವಿಜ್ಞಾನವೂ ಸುಳ್ಳಾಗುತ್ತದೆ, ನಂಬಿಕೆಯೂ ಕುಂಟಾಗುತ್ತದೆ.

ಹಾಗೆಂದು ವಿಜ್ಞಾನ ಎಲ್ಲವನ್ನೂ ಕೊಡುತ್ತದೆಯೇ? ಆರು ವರ್ಷದ ಹಿಂದೆ ನನ್ನ ಪತ್ನಿ ಲಿಂಗೈಕ್ಯಳಾದಳು. ಯಾವ ಅಂಗ ಸೋತಿತು, ಏಕೆ ಸೋತಿತು ಎಂದು ವೈದ್ಯರು ಬಿಡಿಸಿ ಹೇಳಿದರು. ಅವರು ಹೇಳಿದ್ದೆಲ್ಲ ನಿಜ. ಮರುದಿನ ಬೆಳಗ್ಗೆ ಹೇಗೆ ಏಳಬೇಕೆಂಬುದು ಆ ಕಾಗದದಲ್ಲಿರಲಿಲ್ಲ. ಎದ್ದು ಸ್ನಾನ ಮಾಡಿ, ಲಿಂಗ ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಎರಡಕ್ಕೂ ಅವುಗಳದೇ ಆದ ಕೆಲಸವಿದೆ.

ನಮ್ಮ ಕೆಲಸದಲ್ಲಿ ಸುರಕ್ಷತಾ ಪ್ರಮಾಣ ಎಂಬುದೊಂದಿದೆ. ಒಡ್ಡಿಗೆ ಬರುವ ಭಾರ ಇಷ್ಟು ಎಂದು ಲೆಕ್ಕ ಹಾಕಿದ ಮೇಲೂ ಅಷ್ಟಕ್ಕೇ ಕಟ್ಟುವುದಿಲ್ಲ, ಹೆಚ್ಚಿನ ಬಲ ಇಟ್ಟೇ ಕಟ್ಟುತ್ತೇವೆ. ನನಗೆ ತಿಳಿಯದ್ದು ಇದೆ, ನನ್ನ ಲೆಕ್ಕ ತಪ್ಪಿರಬಹುದು ಎಂದು ಒಪ್ಪಿಕೊಳ್ಳುವುದೇ ಅದರ ಅರ್ಥ. ಶರಣರ ಕಿಂಕರಭಾವವೂ ಅದೇ ಅಲ್ಲವೇ? ಕಾಂಕ್ರೀಟಿಗೆ ಇಟ್ಟ ವಿನಯವನ್ನು ನಾನು ಅವ್ವನ ಮುಂದೆ ಇಡಲಿಲ್ಲ.

ನಮ್ಮ ಸಂವಿಧಾನದ 51-ಎ ವಿಧಿಯಲ್ಲಿ, 1976ರ 42ನೆಯ ತಿದ್ದುಪಡಿಯಿಂದ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವಾಗಿ ಸೇರಿದೆ. ಅದರ ಪಕ್ಕದಲ್ಲೇ ಮಾನವೀಯತೆ ಎಂಬ ಮಾತೂ ಇದೆ. ನಾನು ಮೊದಲಿನದನ್ನು ಓದಿ ಪುಸ್ತಕ ಮುಚ್ಚಿದ್ದೆ.

ಸೊನ್ನಲಿಗೆಯ ಸಿದ್ಧರಾಮಯ್ಯನವರು ಕೆರೆ ಕಟ್ಟಿಸಿದವರು, ನಮ್ಮಂಥ ನೀರಾವರಿಯವರಿಗೆ ಹಿರಿಯಣ್ಣ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅವರನ್ನು ಎದುರಾಗುವ ಪ್ರಸಂಗವಿದೆ. ಪ್ರಭುಗಳ ಮಾತು ಮೆತ್ತಗಿಲ್ಲ, ಕೆಣಕುವಂಥದ್ದೇ. ಆದರೆ ಕೆಣಕಿ ಬಿಟ್ಟುಹೋಗಲಿಲ್ಲ. ನಿಂತು ಉತ್ತರ ಕೇಳಿದರು, ಜೊತೆಗೆ ಕಲ್ಯಾಣಕ್ಕೆ ಕರೆತಂದರು. ಕಟು ಸತ್ಯ ಹೇಳಬಾರದೆಂದು ನಾನು ಹೇಳುತ್ತಿಲ್ಲ. ಹೇಳಿದ ಮೇಲೆ ಅವರ ಜೊತೆ ನಡೆಯಬೇಕು. ನಾನು ಹೇಳಿ, ಜೀಪು ಹತ್ತಿ ಹೊರಟುಬಿಡುತ್ತಿದ್ದೆ.

ಈಗ ನಾನು ಪಾಲಿಸುವುದು ಇಷ್ಟು. ಮಕ್ಕಳ ಮುಂದೆ, ಮಂದಿಯ ಮುಂದೆ ಹಿರಿಯರ ನಂಬಿಕೆಯನ್ನು ಹಂಗಿಸುವುದಿಲ್ಲ. ತೀರ್ಪು ಹೇಳುವ ಮೊದಲು ಕೇಳುತ್ತೇನೆ, "ಹಿಂಗ ಮಾಡಿದಾಗ ಆಗದ ಸಲ ಎಷ್ಟು?" ಎಂದು. ಯಾರಿಗೂ ಹಾನಿಯಿಲ್ಲದ ಆಚರಣೆಗೆ ಜಗಳ ತೆಗೆಯುವುದಿಲ್ಲ. ಜೀವ, ಹೆಣ್ಣುಮಕ್ಕಳ ಮಾನ, ಬಡವರ ದುಡ್ಡು, ಈ ಮೂರಕ್ಕೆ ಕುತ್ತು ಬರುವ ಕಡೆ ಮಾತ್ರ ಸುಮ್ಮನಿರುವುದಿಲ್ಲ.

ಹೋದ ವರ್ಷ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಅಣ್ಣನದು, ಈಗ ಎಂಬತ್ತರ ಹತ್ತಿರ. "ತಮ್ಮಾ, ಮೊಮ್ಮಗಳಿಗೆ ಹಾವು ಕಡದೈತಿ. ಏನ ಮಾಡ್ಲಿ ಹೇಳು." ಹೇಳಿದೆ, ಆಸ್ಪತ್ರೆಗೆ ನಾನೂ ಹೋದೆ. ವಿಷದ ಲಕ್ಷಣವಿಲ್ಲವೆಂದು ವೈದ್ಯರು ಒಂದು ದಿನ ಇಟ್ಟುಕೊಂಡು ನೋಡಿ ಮನೆಗೆ ಕಳಿಸಿದರು. ಹುಡುಗಿಯ ಕೈಗೆ ಅಣ್ಣ ಒಂದು ಕರಿದಾರ ಕಟ್ಟಿದ್ದ. ನನ್ನ ಮುಖ ನೋಡಿದ. ನಾನು ಏನೂ ಅನ್ನಲಿಲ್ಲ. ಅವನು ಮೊದಲು ಫೋನ್ ಮಾಡಿದ್ದು ನನಗೆ, ನನಗೆ ಅಷ್ಟು ಸಾಕಾಗಿತ್ತು.

ನಮ್ಮಲ್ಲಿ ಓದಿದವರು ಬಹಳ ಜನ ಇದ್ದೀರಿ. ಮನೆಗೆ ಹೋಗಿ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಕಷ್ಟದ ರಾತ್ರಿ ನಮ್ಮ ಬಾಗಿಲು ಬಡಿಯಲು ನಮ್ಮವರಿಗೆ ಧೈರ್ಯವಿದೆಯೇ?