ಶಾಲಾ ನಾಟಕ ಮತ್ತು ನಮ್ಮ ಮಕ್ಕಳ ಕನ್ನಡ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮನೆಮಾತು ಉರ್ದುವಾದ ಮಗುವಿಗೆ ಶಾಲಾ ನಾಟಕದಲ್ಲಿ ಎಷ್ಟೋ ಸಲ ಸಿಗುವುದು ಹರಕುಮುರುಕು ಕನ್ನಡ ಮಾತಾಡಿ ನಗಿಸುವ ಸಾಬರ ಪಾತ್ರ. ಆದರೆ ಕನ್ನಡ ರಂಗಭೂಮಿಯ ಹೆಸರಾಂತ ನಟ ಮಹಮದ್ ಪೀರ್ ಅವರನ್ನು ನೆನೆಯಿರಿ. ಅವರ ಚಂದ್ರಕಲಾ ನಾಟಕ ಮಂಡಳಿಯಲ್ಲಿ ಬಿ.ಆರ್. ಪಂತುಲು ಅವರಂಥವರು ಪಳಗಿದರು. ಮಂಡಳಿಯ ‘ಸಂಸಾರ ನೌಕೆ’ 1936ರಲ್ಲಿ ಚಲನಚಿತ್ರವೂ ಆಯಿತು.

ಮಕ್ಕಳೇ, ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಸದ್ದನ್ನು ಮೀರಿ ಮಾತಾಡುವ ರೂಢಿ ಇದೆ. ಆದರೆ ಕೂಗುವುದು ಅಭಿನಯವಲ್ಲ. ಕೊನೆಯ ಸಾಲಿನವರಿಗೂ ಪದಗಳು ಬಿಡಿಬಿಡಿಯಾಗಿ ಕೇಳಬೇಕು. ‘ಅ’ಕಾರ, ‘ಹ’ಕಾರ, ‘ಲ’, ‘ಳ’ಗಳನ್ನು ಬಿಡಿಸಿ ದಿನವೂ ಹತ್ತು ನಿಮಿಷ ಗಟ್ಟಿಯಾಗಿ ಓದಿ. ಮೊದಲು ಮಾತಿನ ಅರ್ಥ ತಿಳಿಯಿರಿ, ಆಮೇಲೆ ಬಾಯಿಪಾಠ ಮಾಡಿ. ಎದುರಿನ ಪಾತ್ರ ಮಾತಾಡುವಾಗ ಕಿವಿಗೊಟ್ಟು ಕೇಳಿ; ಅದೂ ಅಭಿನಯವೇ.

ಶಿಕ್ಷಕರೇ, ಈ ಮಕ್ಕಳಿಗೆ ರಾಜನ, ರೈತನ, ವೈದ್ಯರ ಪಾತ್ರಗಳನ್ನೂ ಕೊಡಿ. ಪೋಷಕರೇ, ಮನೆಯಲ್ಲಿ ಕನ್ನಡ ಪತ್ರಿಕೆ ಓದಿಸಿ. ವೇದಿಕೆಯ ಮೇಲೆ ನಾಲ್ಕು ಮಾತು ಅಳುಕಿಲ್ಲದೆ ಆಡಿದ ಮಗು ನಾಳೆ ಉದ್ಯೋಗದ ಸಂದರ್ಶನದಲ್ಲೂ ತಲೆಯೆತ್ತಿ ಮಾತಾಡುತ್ತದೆ.