ಜನತಾ ಮನೆಗೆ ಹೋದವರ ಚರಿತ್ರೆ

(ಶಾಂತಿಗ್ರಾಮದಲ್ಲಿ ಯುವಕ ಯುವತಿಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲೇಖನರೂಪ)



ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯಿಂದ ಈ ಊರಿಗೆ ಹೆಸರು ಬಂತೆಂಬ ಪ್ರತೀತಿ ಇದೆ. ಯಾರು ಯಾರಿಗೆ ಭೂಮಿ ದಾನ ಕೊಟ್ಟರೆಂದು ಹೇಳುವ ಶಾಸನಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಆದರೆ ಗುಡಿಸಲು ಬಿಟ್ಟು ಸರ್ಕಾರ ಕೊಟ್ಟ ಮನೆಗೆ ಹೋದವರ ಕಥೆ ಯಾವ ಕಲ್ಲಿನ ಮೇಲೂ ಇಲ್ಲ. ಅದು ಇರುವುದು ಟ್ರಂಕಿನ ತಳದಲ್ಲಿ ಮಡಿಸಿಟ್ಟ ಹಕ್ಕುಪತ್ರದಲ್ಲಿ ಮತ್ತು ಹಿರಿಯರ ನೆನಪಿನಲ್ಲಿ.

ಬಡವರಿಗೆ ಮನೆ ಕಟ್ಟಿಕೊಡುವುದು ಸರ್ಕಾರದ ಕೆಲಸ ಎಂಬ ಮಾತಿಗೆ ಎರಡನೇ ಮಹಾಯುದ್ಧದ ನಂತರ ಬಲ ಬಂತು. ಬ್ರಿಟನ್ನಿನಲ್ಲಿ 1945ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಆರು ವರ್ಷಗಳಲ್ಲಿ ಸುಮಾರು 10 ಲಕ್ಷ ಮನೆ ಕಟ್ಟಿಸಿತು. ಅವುಗಳಲ್ಲಿ ಹೆಚ್ಚಿನವು ನಗರಸಭೆ, ಪುರಸಭೆಗಳ ಬಾಡಿಗೆ ಮನೆಗಳು. ಸಚಿವ ಅನ್ಯೂರಿನ್ ಬೆವನ್ ಅವರಿಗೆ ಒಂದು ಹಟವಿತ್ತು: ವೈದ್ಯನೂ ಕೂಲಿಕಾರನೂ ಒಂದೇ ಬೀದಿಯಲ್ಲಿ ಇರಬೇಕು. ಈ ಮನೆಗಳು ಕಾರ್ಮಿಕ ವರ್ಗಕ್ಕೆ ಮಾತ್ರ ಎಂಬ ನಿಬಂಧನೆಯನ್ನು 1949ರ ಕಾಯಿದೆ ತೆಗೆದುಹಾಕಿತು.

ನಮ್ಮಲ್ಲಿ 1948ರಲ್ಲಿ ಬೆಂಗಳೂರಿನ ಜಯನಗರಕ್ಕೆ ಅಸ್ತಿಭಾರ ಬಿತ್ತು. ಹಳ್ಳಿಯ ಸರದಿ ಬಂದದ್ದು ತಡವಾಗಿ. ದೇವರಾಜ ಅರಸು ಅವರ ಕಾಲದಲ್ಲಿ, ಅಂದರೆ 1970ರ ದಶಕದಲ್ಲಿ, ನಿವೇಶನ ಮತ್ತು ಜನತಾ ಮನೆಗಳು ಬಂದವು. 1985ರಲ್ಲಿ ಇಂದಿರಾ ಆವಾಸ್, 1991-92ರಲ್ಲಿ ಆಶ್ರಯ ಯೋಜನೆ ಬಂತು.

ನನ್ನ ಬಾಲ್ಯ ಕಳೆದದ್ದೂ ಅಂಥದೊಂದು ಮನೆಯಲ್ಲೇ. ನಮ್ಮಜ್ಜಿ ಅಲ್ಲಿಗೆ ಮೊದಲು ಸಾಗಿಸಿದ್ದು ರಾಗಿಕಲ್ಲನ್ನಂತೆ. ಮಳೆ ಬಂದ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಸೋರದ ಮೂಲೆ ಹುಡುಕುವುದು ತಪ್ಪಿತು, ಬೇಸಿಗೆಯಲ್ಲಿ ಸೋಗೆಗೆ ಬೆಂಕಿ ಬೀಳುವ ಭಯ ಹೋಯಿತು ಎನ್ನುತ್ತಿದ್ದಳು. ಅದೇ ಉಸಿರಿನಲ್ಲಿ, ನೀರಿಗೆ ಮಾತ್ರ ದೂರವಾಯಿತು ಎಂದೂ ಹೇಳುತ್ತಿದ್ದಳು.

ಈ ದೂರವನ್ನು ನಾವು ಗಮನಿಸಬೇಕು. ಅಗ್ಗದ ಜಮೀನು, ಸರ್ಕಾರಿ ಗೋಮಾಳ ಸಿಗುತ್ತಿದ್ದುದು ಹೆಚ್ಚಾಗಿ ಊರಾಚೆ. ದಲಿತರ ಕೇರಿ ಮೊದಲೇ ಅಲ್ಲಿತ್ತು; ಹೊಸ ಮನೆಗಳ ಸಾಲೂ ಅದರ ಪಕ್ಕದಲ್ಲೇ ಎದ್ದಿತು. ಹೀಗೆ ಗೋಡೆ ಗಟ್ಟಿಯಾಯಿತು, ಸೂರು ಬದಲಾಯಿತು, ಜಾಗ ಬದಲಾಗಲಿಲ್ಲ. ಪಟ್ಟಣದಲ್ಲಿ 'ಕಾಲೊನಿ' ಎಂದರೆ ಬಡಾವಣೆ. ಹಳ್ಳಿಯಲ್ಲಿ ಅದೇ ಪದ ಜಾತಿಯ ವಿಳಾಸವಾಗಿಬಿಟ್ಟಿತು. ಬೆವನ್ ಬಯಸಿದ ಬೀದಿ ಬ್ರಿಟನ್ನಿನಲ್ಲೂ ಪೂರ್ತಿ ಕೈಗೂಡಲಿಲ್ಲ. ನಮ್ಮಲ್ಲಿ ನಿವೇಶನದ ನಕ್ಷೆ ಬರೆಯುವಾಗ ಆ ಪ್ರಶ್ನೆ ಎದ್ದದ್ದೇ ಅಪರೂಪ.

ಹಾಗೆಂದು ಆ ಮನೆಗಳು ಕೊಟ್ಟದ್ದು ಸಣ್ಣದಲ್ಲ. ಇಂದಿರಾ ಆವಾಸ್ ಮನೆಗಳನ್ನು ಹೆಂಗಸಿನ ಹೆಸರಿಗೆ, ಇಲ್ಲವೇ ಗಂಡ ಹೆಂಡಿರ ಜಂಟಿ ಹೆಸರಿಗೆ ಕೊಡಬೇಕೆಂಬ ನಿಯಮವಿತ್ತು. ಯಾವ ಕಾಗದದಲ್ಲೂ ಹೆಸರಿಲ್ಲದಿದ್ದ ಎಷ್ಟೋ ತಾಯಂದಿರು ಹೀಗೆ ಮನೆಯ ಒಡತಿಯರಾದರು.

ಈಗ ಆ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ ತಾರಸಿ ಮನೆಗಳು ಏಳುತ್ತಿವೆ. ಸಂತೋಷವೇ. ಆದರೆ ಕೆಡವುವ ಮುನ್ನ ನಿಮ್ಮ ಮನೆಯ ಹಿರಿಯರ ಪಕ್ಕ ಕೂತು ಕೇಳಿ: ಯಾವ ವರ್ಷ ಬಂದಿರಿ, ಏನೇನು ಹೊತ್ತು ತಂದಿರಿ, ನೀರು ಎಲ್ಲಿಂದ ತರುತ್ತಿದ್ದಿರಿ? ಅವರ ಮಾತಿನಲ್ಲೇ ಬರೆದಿಡಿ. ಅರಸರಿಗೆ ಶಾಸನ ಕೆತ್ತುವವರಿದ್ದರು. ಇವರ ಶಾಸನ ಬರೆಯಬೇಕಾದವರು ನೀವೇ.