ಇರುವ ನಾಲ್ಕು ವಾದ್ಯಗಳಿಗೆ

(ಸುವರ್ಣ ಮಹೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಮೊದಲು ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ನಾನು ಪಿಟೀಲು ವಾದಕ. ಮೂರು ತಿಂಗಳ ಹಿಂದೆ ಮುಖ್ಯೋಪಾಧ್ಯಾಯರು ಫೋನು ಮಾಡಿ, "ನಮ್ಮ ಮಕ್ಕಳೇ ನುಡಿಸುವ ಹಾಗೆ ಒಂದು ಹೊಸ ವಾದ್ಯಸಂಗೀತ ರಚಿಸಿಕೊಡಿ" ಎಂದರು. ಸಂತೋಷದಿಂದ ಒಪ್ಪಿದೆ. ಬೆಂಗಳೂರಿನ ಮನೆಯಲ್ಲಿ ಕುಳಿತು ಕಲ್ಯಾಣಿ ರಾಗದಲ್ಲಿ ಹತ್ತು ನಿಮಿಷದ ರಚನೆ ಬರೆದೆ. ನಿಜ ಹೇಳುತ್ತೇನೆ, ಬರೆಯುವಾಗ ಮಕ್ಕಳು ನನ್ನ ಕಣ್ಣ ಮುಂದೆ ಇರಲಿಲ್ಲ. ನಿಮ್ಮ ಚಪ್ಪಾಳೆ ಇತ್ತು.

ಮೊದಲ ಅಭ್ಯಾಸದಲ್ಲೇ ನನ್ನ ಬಣ್ಣ ಬಯಲಾಯಿತು. ಇಲ್ಲಿದ್ದುದು ಪ್ರಾರ್ಥನೆಯ ಹಾರ್ಮೋನಿಯಂ, ಒಂದು ಕೊಳಲು, ಒಂದೇ ವರ್ಷ ಪಾಠವಾದ ಹುಡುಗನ ಪಿಟೀಲು, ಕವಾಯತಿನ ಡ್ರಮ್ಮು. ಹಾರ್ಮೋನಿಯಂನಲ್ಲಿ ಮಧ್ಯಮದ ಮನೆಗಳನ್ನು ಒತ್ತಿದರೆ ಸದ್ದೇ ಇಲ್ಲ. ಕೊಳಲಿನ ಹುಡುಗಿ ಒಂಬತ್ತನೇ ತರಗತಿ. ಮೂರು ಸಲ ತಪ್ಪಿದ ಮೇಲೆ, "ಸಾರ್, ಇದು ನಮಗೆ ಬರೆದಿದ್ದಲ್ಲ ಅನ್ಸುತ್ತೆ" ಎಂದಳು. ಮಾರನೆಯ ದಿನ ಅಭ್ಯಾಸಕ್ಕೆ ಬರಲಿಲ್ಲ.

ಆ ರಾತ್ರಿ ನನಗೆ ಫ್ರಾನ್ಸಿನ ಸಂಗೀತಗಾರ ಒಲಿವಿಯೆ ಮೆಸ್ಸಿಯಾಂ ನೆನಪಾದರು. 1940ರಲ್ಲಿ ಅವರು ಜರ್ಮನರ ಯುದ್ಧಕೈದಿ. ಗೋರ್ಲಿಟ್ಸ್ ಊರಿನ ಆ ಶಿಬಿರದಲ್ಲಿ ಅವರಿಗೆ ಸಿಕ್ಕಿದ ವಾದಕರು ಮೂವರು: ಕ್ಲಾರಿನೆಟ್, ಪಿಟೀಲು, ಚೆಲ್ಲೊ. ಪಿಯಾನೊ ಇನ್ನೂ ಬಂದಿರಲಿಲ್ಲ. ಅಲ್ಲಿ ಮೊದಲು ಬರೆದದ್ದು ಆ ಮೂವರಿಗಷ್ಟೇ ಒಂದು ಪುಟ್ಟ ರಚನೆ. ಆಮೇಲೆ ಹಳೆಯದೊಂದು ಪಿಯಾನೊ ಬಂತು, ತಾವೇ ನುಡಿಸಲು ಕುಳಿತರು, ಕೃತಿ ಎಂಟು ಭಾಗಗಳಿಗೆ ಬೆಳೆಯಿತು. 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಕೈದಿಗಳೂ ಕಾವಲುಗಾರರೂ ಒಟ್ಟಿಗೆ ಕುಳಿತು ಅದನ್ನು ಕೇಳಿದರು. 'ಕಾಲದ ಅಂತ್ಯಕ್ಕಾಗಿ' ಎಂಬ ಆ ಚತುರ್ವಾದ್ಯ ಕೃತಿ ಇಂದು ಜಗತ್ತಿನಾದ್ಯಂತ ಪ್ರಸಿದ್ಧ.

ಅದರೊಳಗೆ ನಮ್ಮ ನಾಡಿನದೂ ಒಂದಿಷ್ಟಿದೆ. 13ನೇ ಶತಮಾನದ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದ ದೇಶೀ ತಾಳಗಳನ್ನು ಮೆಸ್ಸಿಯಾಂ ಅಭ್ಯಾಸ ಮಾಡಿದ್ದರು. ಮೊದಲ ಭಾಗದ ಪಿಯಾನೊದಲ್ಲಿ ಅಂಥ ಮೂರು ತಾಳಗಳನ್ನು ಜೋಡಿಸಿದ 17 ಕಾಲಮಾನಗಳ ಸರಣಿಯೊಂದು ತಿರುಗುತ್ತಿರುತ್ತದೆ. ಅದರ ಮೇಲೆ 29 ಸ್ವರಗುಚ್ಛಗಳ ಸರಣಿ. ಮಕ್ಕಳೇ, 17 ಮತ್ತು 29ರ ಲ.ಸಾ.ಅ. ಎಷ್ಟು? 493. ಅಷ್ಟು ದೂರ ಹೋದರೆ ಮಾತ್ರ ಎರಡೂ ಮತ್ತೆ ಒಟ್ಟಿಗೆ ಆರಂಭವಾಗುತ್ತವೆ. ಸಂಗೀತ ಅದಕ್ಕೂ ಬಹಳ ಮೊದಲೇ ನಿಂತುಬಿಡುತ್ತದೆ.

ಬೆಳಿಗ್ಗೆ ಎದ್ದವನೇ ಕಲ್ಯಾಣಿಯ ಹಾಳೆಗಳನ್ನು ಎತ್ತಿಟ್ಟೆ. ಶಾಲೆಗೆ ಬಂದು ಆ ಹುಡುಗಿಯನ್ನು ಕರೆದು, "ನಿನಗೆ ಸಲೀಸಾಗಿ ಬರುವುದನ್ನು ನುಡಿಸಮ್ಮಾ" ಎಂದೆ. ಸಂಕೋಚದಿಂದಲೇ ಮೋಹನ ರಾಗದ ಐದು ಮಾತ್ರೆಯ ತುಣುಕೊಂದನ್ನು ನುಡಿಸಿದಳು. ಮೋಹನಕ್ಕೆ ಮಧ್ಯಮವೇ ಬೇಡ! ಹಾರ್ಮೋನಿಯಂನ ಚಿಂತೆ ಹೋಯಿತು. ಪಿಟೀಲಿನ ಹುಡುಗ ಬಿಡಿ ತಂತಿಗಳಲ್ಲಿ ಷಡ್ಜ ಪಂಚಮ ಹಿಡಿದ. ಡ್ರಮ್ಮಿನವನಿಗೆ ಏಳು ಮಾತ್ರೆ ಕೊಟ್ಟೆ. ಐದು ಏಳಲಿ ಮೂವತ್ತೈದು. ಪ್ರತಿ 35 ಮಾತ್ರೆಗೊಮ್ಮೆ ಕೊಳಲೂ ಡ್ರಮ್ಮೂ ಕೂಡುತ್ತವೆ. ಮೊದಲ ಸಲ ಸರಿಯಾಗಿ ಕೂಡಿದಾಗ ನಾಲ್ವರೂ ನುಡಿಸುವುದನ್ನು ಬಿಟ್ಟು ನಕ್ಕುಬಿಟ್ಟರು. ಆ ದಿನದಿಂದ ಯಾರೂ ಅಭ್ಯಾಸ ತಪ್ಪಿಸಲಿಲ್ಲ.

ಮೂವತ್ತು ವರ್ಷ ಪಿಟೀಲು ಹಿಡಿದವನಿಗೆ ಒಂಬತ್ತನೇ ತರಗತಿಯ ಮಗು ಪಾಠ ಹೇಳಿತು. ಹೊಸದನ್ನು ರಚಿಸಲು ಕೂರುವವನು ಮೊದಲು ನುಡಿಸುವವರ ಬಳಿ ಕೂರಬೇಕು. ನನ್ನ ಗುರುಗಳು ಇದೇ ಕೊಠಡಿಗಳಲ್ಲಿ ನಮ್ಮನ್ನು ಹಾಗೇ ಓದಿಸಿದ್ದರು, ನಾನು ಮರೆತಿದ್ದೆ.

ಈಗ ನಾಲ್ಕು ನಿಮಿಷದ ಆ ರಚನೆಯನ್ನು ಮಕ್ಕಳು ನುಡಿಸುತ್ತಾರೆ. ಮೊದಲ ತುಣುಕು ಆ ಹುಡುಗಿಯದು. ಚೆನ್ನಾಗಿದ್ದರೆ ಚಪ್ಪಾಳೆ ಅವರಿಗಿರಲಿ.